ಸದಸ್ಯತ್ವ ಪರಿಶೀಲನೆಯಲ್ಲಿದೆ

ನಮ್ಮ ಕಡೆಯವರ ಕೈಗೆ ಏನು ಕೊಟ್ಟರೂ ಅದನ್ನೊಂದು ಸಂಘ ಮಾಡಿ, ಮೇಲೊಬ್ಬ ಅಧ್ಯಕ್ಷರನ್ನು ಕೂರಿಸಿಬಿಡುತ್ತಾರೆ. ಇಂಟರ್ನೆಟ್ಟನ್ನೂ ಬಿಡಲಿಲ್ಲ. ಸಂದಿಗೊಂದಿಯಲ್ಲೆಲ್ಲ ಸೈಬರ್ ಕೆಫೆ ತೆರೆದಿದ್ದ ಕಾಲದಲ್ಲಿ ನಾವು ಕೆಲವರು ಸೇರಿ ಶಿವಮೊಗ್ಗ, ಭದ್ರಾವತಿಯವರಿಗೆಂದೇ ಒಂದು ತಾಣ ಮಾಡಿದೆವು. ಯಾರಿಗೂ ಸಂಬಳವಿಲ್ಲ, ಊರಿನವರೇ ಬರೆಯಬೇಕು, ಊರಿನವರೇ ನೋಡಿಕೊಳ್ಳಬೇಕು. ವರ್ಷ ತುಂಬುವುದರೊಳಗೆ ಅದಕ್ಕೆ ಅಧ್ಯಕ್ಷರು, ಗೌರವಾಧ್ಯಕ್ಷರು, ಎರಡು ಊರಿಗೂ ಬೇರೆ ಬೇರೆ ಕಾರ್ಯದರ್ಶಿಗಳು, ಕಾಸೇ ಇಲ್ಲದ ಸಂಘಕ್ಕೊಬ್ಬ ಖಜಾಂಚಿ! ಓದಲು ಯಾರಿಗೂ ಅಡ್ಡಿಯಿರಲಿಲ್ಲ. ಬರೆಯಬೇಕೆಂದರೆ ಮಾತ್ರ ಇಬ್ಬರು ಹಳೆಯ ಸದಸ್ಯರ ಶಿಫಾರಸು ಬೇಕು. ಹಾಗೆ ಜರಡಿ ಹಿಡಿದು ಒಳಗೆ ಬಿಟ್ಟುಕೊಂಡ ಮಹನೀಯರು ಬರೆಯುತ್ತಿದ್ದುದೇನು? ‘ಶುಭೋದಯ’, ‘ಸೂಪರ್’, ಮತ್ತು ಅಧ್ಯಕ್ಷರಿಗೆ ಹುಟ್ಟುಹಬ್ಬದ ಶುಭಾಶಯ.

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನ ತಂದೆ ಭದ್ರಾವತಿಯ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಮರೆವಿನ ಕಾಯಿಲೆ. ಒಂದು ಬೆಳಿಗ್ಗೆ ಹಾಲು ತರಲು ಹೋದವರು ವಾಪಸ್ಸು ಬರಲಿಲ್ಲ. ಅಕ್ಕ ಪೊಲೀಸರಿಗೆ ಹೇಳಿದಳು, ಆಸ್ಪತ್ರೆ ಸುತ್ತಿದಳು, ಎದೆ ಗಟ್ಟಿ ಮಾಡಿಕೊಂಡು ಹೊಳೆದಂಡೆಗೂ ಹೋಗಿಬಂದಳು.

“ನಿನ್ ಕಂಪ್ಯೂಟ್ರಲ್ಲಿ ಹಾಕು ಮಾರಾಯ. ಅಷ್ಟು ಜನ ಇದಾರಂತಲ್ಲ, ಯಾರಾದ್ರೂ ನೋಡಿರ್ತಾರೆ” ಎಂದಳು.

ಫೋಟೋ, ವಿಳಾಸ, ಫೋನ್ ನಂಬರ್ ಎಲ್ಲ ಹಾಕಿದೆ. ನಂಬರ್ ಹಾಕುವುದು ನಿಯಮಕ್ಕೆ ವಿರುದ್ಧವೆಂದು ಅಧ್ಯಕ್ಷರು ಅದನ್ನು ಅಳಿಸಿದರು. ಮನೆ ನಂಬರೂ ಹೋಗಿ ವಿಳಾಸದಲ್ಲಿ ಬಡಾವಣೆಯ ಹೆಸರಷ್ಟೇ ಉಳಿಯಿತು. ಭದ್ರಾವತಿಯ ಮನುಷ್ಯನೆಂದು ಶಿವಮೊಗ್ಗದ ಕಾರ್ಯದರ್ಶಿ ನನ್ನ ಬರಹವನ್ನು ಭದ್ರಾವತಿ ವಿಭಾಗಕ್ಕೆ ತಳ್ಳಿದರು. ಕಳೆದುಹೋದದ್ದು ಶಿವಮೊಗ್ಗದಲ್ಲಿ ಎಂದು ಭದ್ರಾವತಿಯವರು ವಾಪಸ್ಸು ಕಳಿಸಿದರು. ನಡುವೆ ಯಾವನೋ ಪುಣ್ಯಾತ್ಮ ಫೋಟೋದ ಕೆಳಗೆ ‘ಅಂಕಲ್ ಸೂಪರ್’ ಎಂದು ಬರೆದ. ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು ನನಗೆ.

ಮರುದಿನ ಮಧ್ಯಾಹ್ನ ಭದ್ರಾವತಿಯ ಕ್ವಾರ್ಟರ್ಸ್ ಕಡೆಯ ಹುಡುಗಿಯೊಬ್ಬಳು ಅಂಗಡಿ ಅಂಗಡಿಯಲ್ಲಿ ವಿಚಾರಿಸುತ್ತ, ಮುದುಕರ ಕೈ ಹಿಡಿದುಕೊಂಡು ನಮ್ಮ ಬೀದಿಗೆ ಬಂದಳು. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು.

“ನಿನ್ನೇನೇ ಫ್ಯಾಕ್ಟ್ರಿ ಗೇಟ್ ಹತ್ರ ಕೂತಿದ್ರು ಸಾರ್, ಒಳಗೆ ಬಿಡಿ, ಶಿಫ್ಟಿಗೆ ಲೇಟಾಯ್ತು ಅಂತಿದ್ರು” ಎಂದಳು ಹುಡುಗಿ. “ನಮ್ಮನೇಲೇ ಮಲಗಿಸ್ಕೊಂಡ್ವಿ. ಸೈಬರಲ್ಲಿ ಫೋಟೋ ನೋಡಿ ಬರಿಯೋಣ ಅಂದ್ರೆ ಬಿಡ್ಲಿಲ್ಲ, ಸದಸ್ಯತ್ವಕ್ಕೆ ಅರ್ಜಿ ಹಾಕಿದ್ರೆ ಯಾರ್ದೋ ಶಿಫಾರಸು ಬೇಕಂತೆ. ಫೋನ್ ನಂಬ್ರಾನೂ ಇರ್ಲಿಲ್ಲ. ವಿನೋಬನಗರ ಅಂತ ಇತ್ತಲ್ಲ, ಬಸ್ ಹತ್ತಿ ಬಂದ್ವಿ.”

ಅಂದು ಸಂಜೆಗೇ ತಾಣದಲ್ಲಿ ‘ನಮ್ಮ ಬಳಗದ ಸಾಧನೆ’ ಎಂದು ದಪ್ಪಕ್ಷರದಲ್ಲಿ ಬಂತು. ವಾರದೊಳಗೆ ಅಧ್ಯಕ್ಷರಿಗೆ ಸನ್ಮಾನ ನಿಗದಿಯಾಯಿತು: ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯ ಮೇಲೆ ಎರಡು ಮಾತಾಡಬೇಕೆಂದು ಅಕ್ಕನನ್ನು ಕರೆಯಲು ಕಾರ್ಯದರ್ಶಿಗಳಿಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು.

“ಅಪ್ಪನ್ನ ಕರ್ಕೊಂಡ್ ಬಂದ ಆ ಹುಡುಗೀನ ಕರ್ದಿದೀರಾ?” ಎಂದು ಕೇಳಿದಳು ಅಕ್ಕ.

“ಕಾರ್ಯಕ್ರಮ ಸದಸ್ಯರಿಗೆ ಮಾತ್ರ ಅಮ್ಮ. ಆಕೆಯ ಸದಸ್ಯತ್ವ ಇನ್ನೂ ಪರಿಶೀಲನೆಯಲ್ಲಿದೆ” ಎಂದರು ಕಾರ್ಯದರ್ಶಿಗಳಲ್ಲೊಬ್ಬರು, ಗಂಭೀರವಾಗಿ.

“ಹಾಗಾದ್ರೆ ನಾನು ಬರೋದನ್ನೂ ಪರಿಶೀಲನೇಲೇ ಇಟ್ಕೊಳ್ಳಿ” ಎಂದು ಅಕ್ಕ ಬಾಗಿಲು ಹಾಕಿಕೊಂಡಳು.