ಆನೆ ಓಡಿಸುವವನಿಗೆ ಫೋನು ಕೊಡಿಸಿದ್ದು

ಫೋನು ಕೊಳ್ಳಲು ಹೊರಟವರು ಅಂಗಡಿಗೆ ಹೋಗಿ ಕ್ಯಾಮೆರಾ ಹೇಗಿದೆ, ಬ್ಯಾಟರಿ ಎಷ್ಟು ಬರುತ್ತದೆ ಎಂದು ಕೇಳುತ್ತಾರೆ. ನಾನೂ ಹಾಗೆಯೇ ಕೇಳಿದವಳು. ಈಗ ಯಾರಾದರೂ ದೊಡ್ಡದು ತಗೊಳ್ಳಲೋ ಸಣ್ಣದು ಸಾಕೋ ಎಂದು ನನ್ನನ್ನು ವಿಚಾರಿಸಿದರೆ, ಬೇಕಾದ ಹೊತ್ತಿಗೆ ಅದು ನಿಮ್ಮ ಮೈಮೇಲೆ ಇರುತ್ತದೋ ಇಲ್ಲವೋ, ಅದನ್ನು ಮೊದಲು ಹೇಳಿ ಎನ್ನುತ್ತೇನೆ. ವಿಚಾರಿಸದವರಿಗೂ ಹೇಳುತ್ತೇನೆ. ಬುದ್ಧಿ ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ.

ಮಡಿಕೇರಿಯಲ್ಲಿ ಪ್ರವಾಸಿಗರ ಬಸ್ಸು ನಿಲ್ಲುವ ಕಡೆ ನನ್ನದೊಂದು ಅಂಗಡಿ. ಕಾಳುಮೆಣಸು, ಏಲಕ್ಕಿ, ಕಾಫಿಪುಡಿ, ಜೇನು. ಶುರುವಿನಲ್ಲಿ ಅಂಗಡಿ ಇರಲಿಲ್ಲ, ರಸ್ತೆಯ ಬದಿಯಲ್ಲಿ ಗೋಣಿ ಹಾಸಿ ಬೆಣ್ಣೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದೆ. ಬೆಂಗಳೂರಿನವರ ಹತ್ತಿರ ಎಷ್ಟು ಹೇಳಬೇಕು, ಮೆಣಸು ತರುವ ಬೆಳೆಗಾರರ ಹತ್ತಿರ ಎಲ್ಲಿ ಹಿಡಿಯಬೇಕು ಎನ್ನುವುದನ್ನು ಯಾರೂ ನನಗೆ ಕಲಿಸಲಿಲ್ಲ. ಕೂತು ಕೂತು ಬಂತು. ಗಿರಾಕಿ ಹೊರಟ ಹಾಗೆ ಮಾಡಿದರೆ ಅವನ ಮುಖ ನೋಡಬಾರದು, ಪಾದ ನೋಡಬೇಕು. ಪಾದ ಇನ್ನೂ ಅಂಗಡಿಯ ಕಡೆಗೇ ತಿರುಗಿದ್ದರೆ ಒಂದು ರೂಪಾಯಿಯನ್ನೂ ಇಳಿಸಬೇಕಾಗಿಲ್ಲ.

ನನ್ನ ಯಜಮಾನರದ್ದು ಬೇರೆಯೇ ಕೆಲಸ. ಕಾಫಿ ತೋಟಕ್ಕೆ ನುಗ್ಗಿದ ಆನೆಗಳನ್ನು ವಾಪಸ್ಸು ಕಾಡಿಗೆ ಅಟ್ಟುವ ತಂಡದಲ್ಲಿ ಅವರು ದಿನಗೂಲಿಗೆ ಹೋಗುತ್ತಾರೆ. ಯಾವುದಾದರೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳಿಗ್ಗೆ ಫೋನು ಮಾಡುತ್ತಾನೆ: ಆನೆ ಒಳಗುಂಟು, ಕೂಲಿ ಲೈನಿನ ಹೆಂಗಸರು ಕೆಲಸಕ್ಕೆ ಇಳಿಯಲು ಒಪ್ಪುತ್ತಿಲ್ಲ, ಬನ್ನಿ. ಜೀಪು ಬಂದು ಇವರನ್ನು ಹತ್ತಿಸಿಕೊಂಡು ಹೋಗುತ್ತದೆ. ಎಲ್ಲರೂ ಸಾಲಾಗಿ ಕಾಫಿ ಗಿಡಗಳ ಒಳಗೆ ಹೊಕ್ಕು, ಪಟಾಕಿ ಸಿಡಿಸಿ, ಕೂಗು ಹಾಕಿ ಆನೆಯನ್ನು ಸರಿಸುತ್ತ ಹೋಗುವುದು. ಕಾಫಿ ಗಿಡ ಆಳೆತ್ತರ ಬೆಳೆದಿರುತ್ತದೆ. ಎರಡು ಸಾಲಿನ ಆಚೆ ಆನೆ ನಿಂತಿದ್ದರೂ ಕಾಣುವುದಿಲ್ಲ.

ಹಿಂದಿನ ವರ್ಷ ಅವರ ತಂಡದ ಒಬ್ಬರನ್ನು ಆನೆ ತಿರುಗಿ ಅಟ್ಟಿಸಿಕೊಂಡು ಬಂದಿತ್ತು. ಅವರು ಓಡುವಾಗ ಕಂದಕಕ್ಕೆ ಬಿದ್ದು ಸೊಂಟ ಮುರಿದುಕೊಂಡರು. ಅವರು ರಸ್ತೆ ಸೇರಿರಬೇಕು ಎಂದು ಉಳಿದವರು ತಿಳಿದಿದ್ದರು. ಹುಡುಕಿ ಮೇಲೆತ್ತುವಷ್ಟರಲ್ಲಿ ಸಾಯಂಕಾಲ. ಆ ಸುದ್ದಿ ಕೇಳಿದ ಮೇಲೆ ನನಗೆ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣು ನಿಲ್ಲದಾಯಿತು. ಕೆಲಸ ಬಿಡಿ ಎಂದರೆ ನನ್ನ ಯಜಮಾನರು ಬಿಡುವವರಲ್ಲ. ಹಾಗಾದರೆ ಅವರು ಎಲ್ಲಿದ್ದಾರೆ ಎನ್ನುವುದಾದರೂ ಹೊತ್ತುಹೊತ್ತಿಗೆ ನನಗೆ ತಿಳಿಯಬೇಕು. ನನ್ನ ಲೆಕ್ಕ ಅಷ್ಟೇ.

ಅವರ ಹತ್ತಿರ ಇದ್ದದ್ದು ಬಟನ್ನಿನ ಸಣ್ಣ ಫೋನು. ಅಂಕಿಗಳೆಲ್ಲ ಸವೆದು, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಹಾಕಿತ್ತು. ದೊಡ್ಡ ಫೋನಾದರೆ ವಾಟ್ಸಾಪಿನಲ್ಲಿ ಲೊಕೇಶನ್ ಹಾಕಿಬಿಟ್ಟರೆ ಸಾಕು, ನನ್ನ ಫೋನಿನ ನಕ್ಷೆಯ ಮೇಲೆ ಅವರ ಚುಕ್ಕಿ ಕಾಣುತ್ತದೆ. ಹಲಸು ಹಣ್ಣಾಗಿ ಆನೆಗಳು ತೋಟಕ್ಕೆ ಇಳಿಯುವ ಮೊದಲೇ, ಅವರನ್ನು ಫೋನಿನ ಅಂಗಡಿಗೆ ಎಳೆದುಕೊಂಡು ಹೋದೆ.

ಅಂಗಡಿಯವನು ಕೊಟ್ಟ ದೊಡ್ಡ ಫೋನನ್ನು ಇವರು ಅಂಗಿಯ ಜೇಬಿಗೆ ಹಾಕಿ ನೋಡಿದರು. ಅರ್ಧ ಹೊರಗೆ ನಿಂತಿತು. ಬಗ್ಗಿದರು. ಜಾರಿತು, ಅಂಗಡಿಯವನು ಗಾಳಿಯಲ್ಲೇ ಹಿಡಿದ.

"ಇದಕ್ಕೆ ಜೇಬು ಸಾಲ್ದು. ಜೋಳಿಗೆ ಹೊಲಿಸ್ಬೇಕು" ಎಂದರು ಇವರು.

"ಅಣ್ಣ, ಈಗ ಎಲ್ಲರೂ ಇದನ್ನೇ ತಗೊಳ್ಳೋದು. ಸಣ್ಣದೆಲ್ಲ ಅಜ್ಜಂದಿರಿಗೆ."

"ನಂಗೂ ಅಜ್ಜ ಆಗುವಷ್ಟು ದಿನ ಬದುಕ್ಬೇಕು ಅಂತ ಉಂಟು ಮಾರಾಯ. ಸಣ್ಣದೇ ಕೊಡು."

ನಾನು ಮಧ್ಯೆ ಬಾಯಿ ಹಾಕಿದೆ. "ಸಣ್ಣದ್ರಲ್ಲಿ ನೀವೆಲ್ಲಿದ್ದೀರಿ ಅಂತ ನಂಗೆ ಕಾಣುದಿಲ್ಲ."

"ಕಂಡು ಎಂತ ಮಾಡ್ತಿ? ಮೆಣಸು ತೂಗುದು ಬಿಟ್ಟು ಓಡಿ ಬರ್ತಿಯಾ?"

"ಬರ್ತೇನೆ."

"ಹಾಗಾದ್ರೆ ಆನೆಗೂ ಒಂದು ಕೊಡಿಸು ಮಾರಾಯ್ತಿ. ಎರಡು ಚುಕ್ಕಿಯನ್ನೂ ಒಟ್ಟಿಗೆ ನೋಡ್ಬಹುದು."

ಅಂಗಡಿಯವನು ಜೋರಾಗಿ ನಕ್ಕ. ನಾನು ನಗಲಿಲ್ಲ. ಇವರು ನನ್ನ ಮುಖ ನೋಡಿ, ಆಯ್ತು ತಗೋ ಎಂದರು. ಮುಂದಿನದ್ದು ನನ್ನ ಕೆಲಸ. ಹೊರಟ ಹಾಗೆ ಮಾಡಿ ಎರಡು ಸಲ ಬಾಗಿಲಿನವರೆಗೆ ಹೋಗಿ ಬಂದೆ. ಬೆಲೆಯನ್ನು ಇನ್ನು ಇಳಿಸಲಾರೆ ಎಂದು ಅವನು ಕೈ ಮುಗಿದಾಗ, ಹಳೆಯ ಸಣ್ಣ ಫೋನನ್ನು ಮೇಜಿನ ಮೇಲಿಟ್ಟು, ಇದನ್ನು ಇಟ್ಟುಕೊಂಡು ಕವರು ಮತ್ತು ಗಾಜಿನ ಹಾಳೆ ಬಿಟ್ಟಿ ಹಾಕಿಕೊಡು ಎಂದೆ. ಮುಲುಗುತ್ತಲೇ ಕೊಟ್ಟ. ಗುಜರಿಗೆ ಹೋಗುವ ವಸ್ತುವಿನಿಂದ ಕವರು ಗಿಟ್ಟಿಸಿದೆ ಎಂದು ಬರುವ ದಾರಿಯಲ್ಲೆಲ್ಲ ಹೇಳಿಕೊಂಡು ಬಂದೆ. ಇವರು ಜೇಬನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು ನಡೆಯುತ್ತಿದ್ದರು.

ಆಮೇಲಿನ ಕೆಲವು ವಾರ ನನಗೆ ಹಿಂದೆಂದೂ ಇಲ್ಲದ ನೆಮ್ಮದಿ. ಏಲಕ್ಕಿ ಅಳೆಯುತ್ತ ಒಮ್ಮೆ, ಚಿಲ್ಲರೆ ಕೊಡುತ್ತ ಒಮ್ಮೆ ಚುಕ್ಕಿಯನ್ನು ನೋಡುವುದು. ಬೆಳಿಗ್ಗೆ ಅದು ಸರಸರ ಓಡಿ ಯಾವುದೋ ಎಸ್ಟೇಟಿನ ಗೇಟಿನ ಹತ್ತಿರ ನಿಲ್ಲುತ್ತಿತ್ತು. ಹೆಚ್ಚಿನ ದಿನ ಮಧ್ಯಾಹ್ನದವರೆಗೂ ಅಲ್ಲೇ, ರಸ್ತೆಯ ಅಂಚಿನಲ್ಲೇ. ಈಗೀಗ ಇವರು ಒಳಗೆ ಹೋಗುತ್ತಿಲ್ಲ, ವಯಸ್ಸಾಯಿತೆಂದು ಗೇಟಿನ ಕಾವಲಿಗೆ ನಿಲ್ಲಿಸಿರಬೇಕು ಎಂದುಕೊಂಡೆ. ಸಂಜೆ ಮನೆಗೆ ಬಂದಾಗ, ಇವತ್ತು ರಸ್ತೆಯಲ್ಲೇ ಇದ್ದಿರಲ್ಲ ಎಂದರೆ, ಹೂಂ ಎನ್ನುತ್ತಿದ್ದರು. ಪಂಚೆಯ ಅಂಚಿಗೆ ಮುಳ್ಳು ಕಚ್ಚಿರುತ್ತಿತ್ತು. ಕಾಣುತ್ತಿತ್ತು, ಆದರೆ ಚುಕ್ಕಿ ಹೇಳಿದ್ದನ್ನೇ ನಂಬಿದೆ.

ಪಕ್ಕದ ಚಿಪ್ಸ್ ಅಂಗಡಿ ಕೇರಳದ ಕಡೆಯ ಒಬ್ಬ ಹೆಂಗಸಿನದ್ದು. ನನಗೆ ಅವಳು ಚೇಚಿ, ಅಂದರೆ ಅಕ್ಕ; ಅವಳಿಗೆ ನಾನು ಮೋಳ್, ಅಂದರೆ ಮಗಳು. ಅವಳಿಗೂ ಹೇಳಿದೆ: "ನಿಮ್ಮ ಯಜಮಾನ್ರಿಗೂ ಒಂದು ದೊಡ್ಡದು ಕೊಡಿಸಿ ಚೇಚಿ. ಎಲ್ಲಿ ಹೋಗ್ತಾರೆ ಎಲ್ಲಾ ಕಾಣ್ತದೆ."

"ಬೇಡ ಮೋಳೇ. ನಮ್ಮವರು ಎಲ್ಲಿ ಹೋಗ್ತಾರೆ ಅಂತ ಗೊತ್ತುಂಟು. ಕಂಡ್ರೆ ಸಿಟ್ಟು ಬರೋದು ಮಾತ್ರ" ಎಂದು ಬಾಣಲೆಗೆ ಬಾಳೆಕಾಯಿ ಬಿಟ್ಟಳು.

ಮಳೆ ಹಿಡಿದ ಒಂದು ದಿನ ಪ್ರವಾಸಿಗರ ಕುಟುಂಬವೊಂದು ಅಂಗಡಿಗೆ ಬಂತು. ದುಬಾರೆಗೆ ಹೊರಟವರು ಅರ್ಧ ದಾರಿಯಿಂದ ವಾಪಸ್ಸು ಬಂದಿದ್ದರು. ಕಾಡಾನೆ ರಸ್ತೆ ದಾಟಿತು, ಜನ ಓಡಿದರು, ಯಾರಿಗೋ ಏನೋ ಆಯಿತಂತೆ ಎಂದು ಅವರಲ್ಲೊಬ್ಬರು ಹೇಳಿದರು. ಯಾವ ಕಡೆ ಎಂದು ಕೇಳಿ ನಕ್ಷೆ ತೆರೆದೆ. ಇವರ ಚುಕ್ಕಿ ಅದೇ ರಸ್ತೆಯ ಮೇಲೆ ನಿಂತಿತ್ತು, ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ.

ಫೋನು ಮಾಡಿದೆ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದೆ, ಕೊನೆಯವರೆಗೂ ರಿಂಗಾಗಿ ನಿಂತಿತು. ಸಿಗ್ನಲ್ ಇಲ್ಲ ಎಂದು ಬಂದಿದ್ದರೆ ಬೇರೆ ಮಾತು, ಈ ಊರಿನಲ್ಲಿ ಅದು ದಿನದ ಸಂಗತಿ. ರಿಂಗಾಗುವ ಫೋನನ್ನು ಎತ್ತುವವರಿಲ್ಲ ಎಂದರೆ?

"ರಸ್ತೆಯಲ್ಲೇ ಇದ್ದಾರೆ ಚೇಚಿ. ಅಲ್ಲೇ ಇದ್ದಾರೆ. ಎತ್ತುದಿಲ್ಲ."

ಚೇಚಿ ಒಲೆ ಆರಿಸಿದಳು. "ಅಂಗಡಿ ನಾನು ನೋಡ್ತೇನೆ. ನೀನು ಹೋಗು."

ಆಟೋದವನು ಆ ಕಡೆ ಬರಲು ಹಿಂದೆಮುಂದೆ ನೋಡಿದ. ಅವನೊಂದಿಗೆ ಚೌಕಾಸಿ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ದಾರಿಯುದ್ದಕ್ಕೂ ನಂಬರು ಒತ್ತುತ್ತಲೇ ಇದ್ದೆ. ಮಳೆಯ ಹನಿ ಬಿದ್ದ ಗಾಜಿನ ಮೇಲೆ ನನ್ನ ಬೆರಳು ಎಲ್ಲಿ ಒತ್ತಿದರೂ ಬೇರೆ ಏನೋ ತೆರೆಯುತ್ತಿತ್ತು. ಸೆರಗಿನಿಂದ ಒರೆಸುವುದು, ಒತ್ತುವುದು, ಮತ್ತೆ ಒರೆಸುವುದು.

ಎಸ್ಟೇಟಿನ ಗೇಟಿನ ಹತ್ತಿರ ಜೀಪು ನಿಂತಿತ್ತು. ಡ್ರೈವರ್ ಒಬ್ಬನೇ. ಅವನ ಪಕ್ಕದ ಸೀಟಿನ ಮೇಲೆ ಅಕ್ಕಿಯ ಚೀಲದಂಥ ಒಂದು ಚೀಲ, ಬಾಯಿ ಕಟ್ಟಿದ್ದು, ಒಳಗಿನಿಂದ ಗುಂಯ್ ಎನ್ನುತ್ತಿತ್ತು.

"ಅಯ್ಯೋ ಅಕ್ಕ, ನೀವಾ ಆಗಿಂದ ಹೊಡೀತಿರೋದು? ಚೀಲ ಕುಣೀತಾ ಉಂಟು" ಎಂದ.

ಬಿಚ್ಚಿ ನೋಡಿದೆ. ತಂಡದವರ ದೊಡ್ಡ ಫೋನುಗಳೆಲ್ಲ ಒಂದರ ಮೇಲೊಂದು. ನಾನು ಬಿಟ್ಟಿ ಹಾಕಿಸಿದ ಕವರು ಎಲ್ಲಕ್ಕಿಂತ ಮೇಲಿತ್ತು.

"ಇವರೆಲ್ಲಿ?"

"ಒಳಗೆ. ಬೆಳಿಗ್ಗೆಯಿಂದ ಒಳಗೇ. ರಸ್ತೆ ದಾಟಿದ್ದು ಇನ್ನೊಂದು ಆನೆ ಅಕ್ಕ, ಅಲ್ಲಿ ಯಾರಿಗೂ ಎಂತದೂ ಆಗ್ಲಿಲ್ಲ. ಇವರು ಹಿಂದೆ ಬಿದ್ದದ್ದು ಬೇರೆ, ಒಂಟಿ ಸಲಗ."

"ಫೋನು ಯಾಕೆ ಇಲ್ಲಿ?"

"ದೊಡ್ಡದನ್ನ ಒಳಗೆ ತಗೊಂಡೋಗೋ ಹಾಗಿಲ್ಲ. ಸೈಲೆಂಟಿಗೆ ಹಾಕಿದ್ರೂ ಒಂದೊಂದು ಸಲ ತನ್ನಷ್ಟಕ್ಕೆ ಹಾಡ್ಲಿಕ್ಕೆ ಶುರು ಮಾಡ್ತದೆ. ಒಬ್ಬನದ್ದು ಹಾಗೇ ಆಯ್ತು, ಆನೆ ಎದುರಿಗೆ ಸೋಪಿನ ಜಾಹೀರಾತು. ಒದ್ದೆ ಕೈಗೆ ನಿಲ್ಲಿಸ್ಲಿಕ್ಕೂ ಆಗುದಿಲ್ಲ. ಅವತ್ತಿಂದ ದೊಡ್ಡದೆಲ್ಲ ಚೀಲಕ್ಕೆ. ಸಣ್ಣದಾದ್ರೆ ಜೇಬಲ್ಲಿ ಇಟ್ಕೊಳ್ತಾರೆ. ಕಣ್ಣು ಮುಚ್ಚಿ ಹ್ಯಾಶ್ ಬಟನ್ ಒತ್ತಿ ಹಿಡಿದ್ರೆ ಸದ್ದು ನಿಲ್ತದೆ. ಅಣ್ಣನ ಹತ್ರ ಮೊದಲು ಅದೇ ಇತ್ತಲ್ಲ?"

"ಈಗ ಅವರ ಹತ್ರ ಎಂತ ಉಂಟು?"

ಅವನು ಸ್ವಲ್ಪ ಯೋಚಿಸಿದ. "ಪಟಾಕಿ ಉಂಟು."

ಅಷ್ಟು ದಿನ ನಾನು ಕಾವಲು ಕಾದದ್ದು ಜೀಪಿಗೆ. ಜೀಪು ಸುಖವಾಗಿ ರಸ್ತೆಯ ಅಂಚಿನಲ್ಲಿ ನಿಂತಿದೆ ಎಂದು ನಾನು ನೆಮ್ಮದಿಯಿಂದ ಮೆಣಸು ಮಾರಿದ್ದೆ. ಅವರ ಜೇಬಿನಲ್ಲಿ ಇದ್ದ ಒಂದೇ ಒಂದು ಆಸರೆ ಫೋನಿನಂಗಡಿಯವನ ಗುಜರಿ ಡಬ್ಬದಲ್ಲಿ ಬಿದ್ದಿತ್ತು.

ಒಳಗಿನಿಂದ ಪಟಾಕಿಯ ಸದ್ದು ಬಂತು. ಕೂಗು ಎದ್ದಿತು, ಗಿಡ ಮುರಿಯುವ ಸದ್ದು, ಆಮೇಲೆ ಏನೂ ಇಲ್ಲ. ಮುಂದಾಳುವಿನ ಹತ್ತಿರ ವಾಕಿಟಾಕಿ ಉಂಟು ಅಕ್ಕ, ಹೆದರಬೇಡಿ ಎಂದ ಡ್ರೈವರ್. ಒಂದು ತಂಡಕ್ಕೆ ಒಂದು. ಸಾಲು ತಪ್ಪಿ ಕಂದಕದಲ್ಲಿ ಬಿದ್ದವನಿಗೆ ಅದರಿಂದ ಏನಾಗಬೇಕು? ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಜೀಪಿನಲ್ಲಿ ಕೂತೆ. ಅದರೊಳಗಿನ ಫೋನುಗಳಿಗೆ ಬೇರೆ ಮನೆಗಳಿಂದಲೂ ಕರೆಗಳು ಬರುತ್ತಿದ್ದವು. ನನ್ನ ಹಾಗೆಯೇ ಯಾರೋ ಒಬ್ಬೊಬ್ಬಳು.

ನನ್ನ ಯಜಮಾನರು ಗೇಟಿನಿಂದ ಬರಲಿಲ್ಲ. ಉಳಿದವರೆಲ್ಲ ಬಂದು ಅಂಗಿ ಹಿಂಡಿಕೊಳ್ಳುತ್ತಿದ್ದಾಗ, ರಸ್ತೆಯ ಕೆಳಗಿನ ತಿರುವಿನಿಂದ ಒಬ್ಬರೇ ಕುಂಟುತ್ತ ಬಂದರು. ಆನೆ ತಿರುಗಿದಾಗ ಓಡಿ, ಕಾಲು ತಿರುಚಿ, ಎಲ್ಲೋ ಬೇಲಿ ದಾಟಿ ಕೆಳಗಿನ ರಸ್ತೆಗೆ ಇಳಿದಿದ್ದರು. ನಾನು ಮಾತಾಡುವ ಮೊದಲೇ ಅವರು ಶುರು ಮಾಡಿದರು.

"ಅಂಗಡಿ ಮುಚ್ಚಿ ಬಂದ್ಯಾ? ಭಾನುವಾರದ ವ್ಯಾಪಾರ ಬಿಟ್ಟು?"

"ಚೇಚಿ ನೋಡ್ತಾಳೆ. ಫೋನು ಚೀಲದಲ್ಲಿ ಇರ್ತದೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

ಇಬ್ಬರೂ ಆಟೋ ಹತ್ತಿದೆವು. ಊದಿದ ಕಾಲನ್ನು ಸೀಟಿನ ಮೇಲಿಟ್ಟು ನೋಡುತ್ತಿದ್ದರು.

"ಹೇಳಿದ್ರೆ ನೀನು ಊಟ ಮಾಡ್ತಿದ್ಯಾ?" ಎಂದರು ಆಮೇಲೆ. "ಎಷ್ಟೋ ದಿನದ ಮೇಲೆ ನೀನು ನೆಮ್ಮದಿಯಾಗಿದ್ದಿ. ರಸ್ತೆಯಲ್ಲೇ ಇದ್ದಿರಲ್ಲ ಅಂತ ನಗಾಡಿಕೊಂಡು ಕೇಳ್ತಿದ್ದಿ. ಇರ್ಲಿ ಅಂತ ಬಿಟ್ಟೆ."

ನನಗೆ ಸಿಟ್ಟು ಬಂತು. ಇಂದಿಗೂ ಪೂರ್ತಿ ಇಳಿದಿಲ್ಲ. ನನ್ನ ನೆಮ್ಮದಿಗಾಗಿ ಅವರು ಬರಿಗೈಯಲ್ಲಿ ಒಳಗೆ ಹೋದರು ಎನ್ನುವುದನ್ನು ಯಾವ ತಕ್ಕಡಿಗೆ ಹಾಕಿ ತೂಗಲಿ?

ಮಾರನೆಯ ದಿನವೇ ಫೋನಿನಂಗಡಿಗೆ ಹೋದೆ. ಸಣ್ಣದನ್ನು ಕೈಯಲ್ಲಿ ಹಿಡಿದು, ಅಂಗಡಿಯವನ ನೀರಿನ ಬಾಟಲಿಯಿಂದಲೇ ಬೆರಳು ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ ಒಂದೊಂದೇ ಬಟನ್ನು ಒತ್ತಿ ನೋಡಿದೆ. "ಅಕ್ಕ, ಇದು ಫೋನು, ಹಾರ್ಮೋನಿಯಂ ಅಲ್ಲ" ಎಂದ. ಒತ್ತಿದರೆ ಬೆರಳಿಗೆ ಗೊತ್ತಾಗದ ಎರಡು ಫೋನುಗಳನ್ನು ತಿರಸ್ಕರಿಸಿ ಮೂರನೆಯದನ್ನು ತೆಗೆದುಕೊಂಡೆ. ಚೌಕಾಸಿ ಬಿಡಲಿಲ್ಲ, ಯಾಕೆ ಬಿಡಬೇಕು? ದೊಡ್ಡದನ್ನು ವಾಪಸ್ಸು ತೆಗೆದುಕೊಳ್ಳಲು ಅವನು ಒಪ್ಪಲಿಲ್ಲ. ಅದು ಈಗ ನನ್ನ ಅಂಗಡಿಯಲ್ಲಿ ಗಿರಾಕಿಗಳಿಗೆ ಜೇನಿನ ಪೆಟ್ಟಿಗೆಯ ವಿಡಿಯೊ ತೋರಿಸುತ್ತದೆ.

ಕಾಲು ಸರಿಯಾಗಿ ಇವರು ಮತ್ತೆ ಜೀಪು ಹತ್ತುವ ದಿನ ಸಣ್ಣ ಫೋನನ್ನು ಕೈಗಿಟ್ಟೆ. ಜೇಬಿಗೆ ಹಾಕಿ ಬಗ್ಗಿ ನೋಡಿದರು. ಬೀಳಲಿಲ್ಲ.

"ಒಂದು ಮಾತು. ನಾನು ಒಳಗಿರುವಾಗ ನೀನು ಫೋನು ಮಾಡ್ಬಾರ್ದು. ಸದ್ದು ನಿಲ್ಸಿದ್ರೂ ಅದು ಎದೆ ಹತ್ರ ನಡುಗ್ತದೆ. ಆಗ ಆನೆ ಮೇಲೆ ಇರುವ ಗಮನ ನಿನ್ನ ಮೇಲೆ ಬರ್ತದೆ. ನಂಗೆ ಬೇಕಾದ್ರೆ ನಾನೇ ಮಾಡ್ತೇನೆ. ಒಪ್ಪಿದ್ರೆ ತಗೊಂಡು ಹೋಗ್ತೇನೆ."

ಅಷ್ಟು ವರ್ಷ ಅಂಗಡಿ ನಡೆಸಿದವಳು, ಇದರಲ್ಲಿ ಒಂದಿಷ್ಟಾದರೂ ಇಳಿಸಿಕೊಳ್ಳಲು ನೋಡಿದೆ. ಮಧ್ಯಾಹ್ನ ಒಂದೇ ಒಂದು ಸಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಅವರ ಪಾದ ಆಗಲೇ ಜೀಪಿನ ಕಡೆಗಿತ್ತು. ಒಪ್ಪಿದೆ.

ಈಗ ಮಳೆ ಜೋರಾಗಿದೆ. ಜೀಪು ಹೋದ ಮೇಲೆ ನಾನು ಅಂಗಡಿ ತೆರೆದು, ನನ್ನ ಸ್ವಂತ ಫೋನನ್ನು ಚೇಚಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟು ಬರುತ್ತೇನೆ. ಇವರು ಕರೆದರೆ ಅವಳೇ ಕೂಗಿ ಹೇಳಬೇಕು. ನನ್ನ ಕೈಯಲ್ಲಿ ಇದ್ದರೆ ನಾನು ಒತ್ತಿಬಿಡುತ್ತೇನೆ, ಅದು ನನಗೆ ಗೊತ್ತು. ನಿನ್ನೆ ಎರಡು ಸಲ ಫೋನು ಕೇಳಲು ಹೋದೆ. ಎರಡನೆಯ ಸಲ ಚೇಚಿ ಬಾಣಲೆಯಿಂದ ತಲೆ ಎತ್ತದೆಯೇ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದಳು.

"ಹೋಗು ಮೋಳೇ, ನಿನ್ನ ಅಂಗಡಿಗೆ ಯಾರೋ ಬಂದಿದ್ದಾರೆ."

ಬಂದವರು ಕಾಲು ಕಿಲೋ ಮೆಣಸು ಕೇಳಿದರು. ತೂಗಿ ಕೊಟ್ಟೆ.