ಅಮ್ಮ ಹೇಳಿದ ವಾತ, ನನ್ನ ಎಡಗಣ್ಣು

ಬೀಡಿ ಕಟ್ಟುತ್ತಿದ್ದೆ. ಎಲೆಯ ಮೇಲೆ ಕರಿ ನೂಲೊಂದು ಹರಿದಾಡಿದಂತಾಯಿತು. ಕೊಡವಿದೆ. ಹೋಗಲಿಲ್ಲ. ಒಂದೊಂದೇ ಕಣ್ಣು ಮುಚ್ಚಿ ನೋಡಿದೆ.

ನೂಲು ಇದ್ದದ್ದು ನನ್ನ ಎಡಗಣ್ಣಿನೊಳಗೆ.

ಮರುದಿನ ಅಮ್ಮನ ಜೊತೆ ಕೊಕ್ಕಡದಿಂದ ಬಸ್ ಹತ್ತಿ ಮೂಡುಬಿದಿರೆಯ ಕಣ್ಣಾಸ್ಪತ್ರೆಗೆ ಹೋದೆ. ಕಣ್ಣಿಗೆ ಬಿಟ್ಟ ಡ್ರಾಪ್ಸ್ ಗಂಟಲಿಗಿಳಿದು ಬಾಯೆಲ್ಲ ಕಹಿಯಾಯಿತು. ಯಂತ್ರದಲ್ಲಿ ಗಲ್ಲ ಇಟ್ಟರೆ ಹಿಂದಿನವರ ಬೆವರು ಇನ್ನೂ ಹಸಿಯಾಗಿತ್ತು.

"ಬೇರೆ ಕಾಯಿಲೆ ಏನಾದ್ರೂ ಉಂಟಾ?" ಡಾಕ್ಟರಮ್ಮ ಕೇಳಿದರು.

"ಏನಿಲ್ಲ ಮೇಡಂ. ಸಣ್ಣದಿರುವಾಗಿಂದ ಸ್ವಲ್ಪ ವಾತ ಉಂಟು," ಅಂದಳು ಅಮ್ಮ.

ಹೋದ ವರ್ಷ ಕನ್ನಡಕಕ್ಕೆಂದು ಬಂದಾಗಲೂ ಇದೇ ವಾತ. ನನ್ನದು ಸಿಕಲ್ ಸೆಲ್. ರಕ್ತದ ಕಣಗಳು ಕುಡುಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುವ, ಹೆತ್ತವರ ರಕ್ತದಿಂದ ಹುಟ್ಟಿನಲ್ಲೇ ಬಂದ ಕಾಯಿಲೆ. ಮೂಳೆ ಮುರಿದಂಥ ನೋವಿನಲ್ಲಿ ನಾನು ವಾರಗಟ್ಟಲೆ ಮಲಗಿದ್ದಾಗಲೂ ಅಮ್ಮ ಊರಿಗೆಲ್ಲ ವಾತವೆಂದೇ ಹೇಳಿದ್ದು, ತಂಗಿ ಶಶಿಕಲಾಳಿಗೆ ಒಳ್ಳೆಯ ಸಂಬಂಧ ಬರಲಿ ಎಂದು. ಊರಿಗೆ ಹೇಳಿದ ಸುಳ್ಳನ್ನು ಡಾಕ್ಟರಿಗೂ ಹೇಳುವುದೇ? ಥೂ! ಆದರೆ ಹೋದ ವರ್ಷ ನಾನೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಅದನ್ನು ನೆನೆದರೆ ಅಮ್ಮನಿಗಿಂತ ನನ್ನ ಮೇಲೆಯೇ ಹೆಚ್ಚು ಹೇಸಿಗೆಯಾಗುತ್ತದೆ.

"ಸಿಕಲ್ ಸೆಲ್ ಮೇಡಂ," ಅಂದೆ. ಅಮ್ಮ ನನ್ನ ತೊಡೆ ಚಿವುಟಿದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೋದ ವರ್ಷ ಯಾಕೆ ಹೇಳ್ಲಿಲ್ಲ? ಆಗ ಕಣ್ಣಿನ ನಡುಭಾಗದ ಫೋಟೋ ಮಾತ್ರ ತೆಗೆದದ್ದು. ಸಿಕಲ್ ಸೆಲ್‌ನಿಂದ ಕಣ್ಣಿಗಾಗುವ ತೊಂದರೆ ಶುರುವಾಗುವುದು ಅಂಚಿನಲ್ಲಿ. ನಿಮಗೆ ಗೊತ್ತೇ ಆಗುವುದಿಲ್ಲ."

ಈ ಸಲ ಅಂಚಿನವರೆಗೂ ಹಿಡಿಯುವ ವೈಡ್ ಫೀಲ್ಡ್ ಇಮೇಜಿಂಗ್ ಮಾಡಿಸಿದರು. ನಾಳಗಳು ಫೋಟೋದಲ್ಲಿ ಕಾಣಲೆಂದು ಕೈಗೆ ಚುಚ್ಚಿದ ಡೈ ನನ್ನ ಮೂತ್ರವನ್ನು ಮರುದಿನದವರೆಗೂ ಅರಿಶಿನದ ನೀರು ಮಾಡಿತ್ತು. ಪರದೆಯಲ್ಲಿ ನನ್ನ ರೆಟಿನಾ ನೋಡಿದೆ. ಅಂಚಿನ ರಕ್ತನಾಳಗಳು ಮುಚ್ಚಿಹೋಗಿ, ಅಲ್ಲಿ ಬೀಸಣಿಗೆಯ ಹಾಗೆ ಹೊಸ ನಾಳಗಳು ಹರಡಿದ್ದವು. ಎಡಗಣ್ಣಿನಲ್ಲಿ ಅಂಥದ್ದೊಂದು ಒಡೆದು ರಕ್ತ ಸೋರಿತ್ತು; ನಾನು ಕಂಡ ನೂಲು ಅದೇ.

ಬಲಗಣ್ಣಿನಲ್ಲೂ ಶುರುವಾಗಿತ್ತು.

ಎರಡಕ್ಕೂ ಲೇಸರ್ ಆಯಿತು. ಬಲಗಣ್ಣು ಉಳಿಯಬಹುದು ಎಂದಿದ್ದಾರೆ. ಎಡಗಣ್ಣಿನ ನೂಲು ಇನ್ನೂ ಕರಗಿಲ್ಲ, ಕಾದು ನೋಡಬೇಕು.

ಮೊನ್ನೆ ಭಾನುವಾರ ಬೆಳ್ತಂಗಡಿ ಕಡೆಯವರು ತಂಗಿಯನ್ನು ನೋಡಲು ಬಂದಿದ್ದರು. ಕಪ್ಪು ಕನ್ನಡಕ ಹಾಕಿ ಕೂತಿದ್ದ ನನ್ನನ್ನು ನೋಡಿ ಹುಡುಗನ ಚಿಕ್ಕಮ್ಮ, "ಅಕ್ಕನಿಗೆ ಎಂಥ ಆಯ್ತು?" ಎಂದರು.

ಅಮ್ಮ ಬಾಯಿ ತೆರೆಯುವ ಮೊದಲೇ ಶಶಿಕಲಾ ಹೇಳಿಬಿಟ್ಟಳು. "ಸಿಕಲ್ ಸೆಲ್. ನನ್ನ ರಕ್ತವನ್ನೂ ಟೆಸ್ಟಿಗೆ ಕೊಟ್ಟಿದ್ದೇನೆ. ಇಬ್ಬರ ರಕ್ತದಲ್ಲೂ ಇದ್ದರೆ ಮಕ್ಕಳಿಗೆ ಬರಬಹುದು, ನಿಮ್ಮ ಹುಡುಗನೂ ಒಮ್ಮೆ ಕೊಡಲಿ."

ಅವರು ಚಹಾ ಮುಗಿಸದೆ ಎದ್ದರು. ಅಮ್ಮ ತಲೆ ಚಚ್ಚಿಕೊಂಡಳು. "ಬಂದ ಸಂಬಂಧ ಹೋಯ್ತಲ್ಲ ಮಾರಾಯ್ತಿ!"

"ಹೋಗ್ಲಿ ಅಮ್ಮ. ಅಕ್ಕನ ಕಣ್ಣು ಕಳೆದು ನನಗೆ ಮದುವೆ ಮಾಡುವುದು ಬೇಡ," ಅಂದ ತಂಗಿ, ಅವರು ಬಿಟ್ಟುಹೋದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಇಮೇಜಿಂಗ್‌ಗೆ ಅವಳೇ ನನ್ನ ಜೊತೆ ಬರುತ್ತಾಳೆ.