ಹೆಬ್ಬೆರಳಿನಷ್ಟು ಸಂದು

ಪಂಕ್ಚರ್ ಸಲ್ಯೂಷನ್ನಿನ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಮೊನ್ನೆ ಶಹಾಪುರದಲ್ಲಿ ಮೊಮ್ಮಗಳು ಚಿತ್ರಾ ತನ್ನ ಗೇರ್ ಸೈಕಲ್ಲನ್ನು ಬೋರಲು ಹಾಕಿ, ಟ್ಯೂಬಿಗೆ ಪಂಕ್ಚರ್ ಹಚ್ಚುತ್ತ ಕೂತಿದ್ದಳು. ಡಾಂಬರಿಗೊಂದು ಸಣ್ಣ ಟೈರು, ಹೊಲದ ದಾರಿಗೊಂದು ಹಲ್ಲಿನ ಟೈರು, ಮಳೆಗೆಂದು ಹೊಸ ಮಡ್‌ಗಾರ್ಡು. "ಅಪ್‌ಗ್ರೇಡ್ ಮಾಡಾಕತ್ತೇನಜ್ಜಿ" ಎಂದಳು. ಆ ವಾಸನೆಯೊಳಗಿಂದ ನನ್ನ ಸೋದರತ್ತೆ ಶಾಂತತ್ತೆ ಎದ್ದು ಬಂದಳು.

ಅವಳು ಪಕ್ಕದ ಹಳ್ಳಿ ಗೋಗಿಯ ಶಾಲೆಯಲ್ಲಿ ಟೀಚರ್. ಈಗ ಇಲ್ಲವಾದ ನಮ್ಮ ತುಂಬಿದ ಮನೆಯಲ್ಲಿ ಸೈಕಲ್ ಹೊಡೆಯುತ್ತಿದ್ದ ಒಬ್ಬಳೇ ಹೆಂಗಸು. ನಾನು ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬಂದರೆ ಕ್ಯಾರಿಯರ್ ನನ್ನ ಸೀಟು. ಅವಳ ಬೆನ್ನಿಗೆ ಕೆನ್ನೆ ಒತ್ತಿದರೆ ಚಾಕ್‌ಪೀಸಿನ, ಬೆವರಿನ ಬೆಚ್ಚನೆ ವಾಸನೆ. ಆದರೆ ಮಡ್‌ಗಾರ್ಡ್ ಇಲ್ಲದ ಆ ಸೈಕಲ್ಲು ನನ್ನ ಬಿಳಿ ಫ್ರಾಕಿನ ತುಂಬ ಕರಿ ಕೆಸರು ಸಿಡಿಸುತ್ತಿತ್ತು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳ ಸೈಕಲ್ಲಿನಂತೆ ಟೈರಿಗೆ ಅಂಟಿಕೊಂಡಂಥ, ಥಳಥಳ ಹೊಳೆಯುವ ಮಡ್‌ಗಾರ್ಡೇ ಬೇಕೆಂದು ಹಟ ಹಿಡಿದೆ. ಸೈಕಲ್ ಅಂಗಡಿಯ ಖಾಸಿಂ ಚಾಚಾ ಟೈರಿನ ಮೇಲೆ ತನ್ನ ಹೆಬ್ಬೆರಳನ್ನು ಅಡ್ಡ ಇಟ್ಟು ತೋರಿಸಿದ.

"ಇಷ್ಟು ಸಂದು ಇರ್ಬೇಕು ಬೇಟಿ. ಇದು ಜಿಗಟು ಎರಿ ಮಣ್ಣು, ನಿಮ್ಮ ಕಾನ್ವೆಂಟಿನ ಡಾಂಬರಲ್ಲ. ಸಂದ್ಯಾಗ ತುಂಬಿತಂದ್ರ ಗಾಲಿ ಹಿಡಕೋತದ."

"ಅಕಿ ಹೇಳಿದಂಗ ಹಾಕಿಬಿಡ್ರಿ ಚಾಚಾ, ಮೇಮ್‌ಸಾಬರ ಆರ್ಡರ್ ಆಗ್ಯಾದ!" ಎಂದು ಅತ್ತೆ ನಕ್ಕಳು.

ಮುಂದಿನ ವಾರ ಮಳೆ ಹಿಡಿಯಿತು. ಗೋಗಿಯಿಂದ ಬರುವಾಗ, ಹಳ್ಳಕ್ಕಿಳಿಯುವ ಇಳಿಜಾರಿನಲ್ಲಿ, ಮುಂದಿನ ಗಾಲಿ ಕರಕರ ಎನ್ನತೊಡಗಿತು. ಅದೇನೆಂದು ನನಗೆ ಗೊತ್ತಾಯಿತು; ಹೇಳದೆ ಅವಳ ಬೆನ್ನಿಗೆ ಇನ್ನಷ್ಟು ಒತ್ತಿಕೊಂಡೆ. ಕೆಳಗೆ ಹಳ್ಳ ಮೈತುಂಬಿ ಹೋಗುತ್ತಿತ್ತು. "ಗಟ್ಟಿ ಹಿಡಕೋ" ಎಂದಳು ಅತ್ತೆ. ಗಾಲಿ ನಿಂತೇಬಿಟ್ಟಿತು. ನಾನು ಕೆಸರಿಗೆ ಬಿದ್ದೆ. ಅವಳು ನೀರಿಗೆ ಒಂದೇ ಮಾರು ದೂರದ ಬಂಡೆಗೆ, ಮೊಣಕಾಲು ಮೊದಲಾಗಿ.

ಆ ಮೊಣಕಾಲು ಮತ್ತೆ ಮಡಚಲಿಲ್ಲ. ಗೋಗಿಗೆ ಬೇರೆ ಟೀಚರ್ ಬಂದರು. "ಮಳಿ ಭಾಳ ಇತ್ತು" ಎಂದಷ್ಟೇ ಅತ್ತೆ ಮನೆಯವರಿಗೆ ಹೇಳಿದ್ದು. ಪ್ರತಿ ರಜೆಯಲ್ಲೂ ಪಡಸಾಲೆಯಲ್ಲಿ ಅವಳ ಕುಂಟು ಹೆಜ್ಜೆ ಕೇಳಿದೊಡನೆ, ಮಡ್‌ಗಾರ್ಡಿನ ಮಾತು ಇವತ್ತು ಹೇಳಿಬಿಡುತ್ತಾಳೆ ಎಂದು ನಾನು ಹಿತ್ತಲಿಗೆ ಜಾರುತ್ತಿದ್ದೆ. ಸಾಯುವವರೆಗೂ ಅವಳು ಹೇಳಲಿಲ್ಲ. ನಾನೂ ಸಾರಿ ಎನ್ನಲಿಲ್ಲ.

ಚಿತ್ರಾಳ ಸೈಕಲ್ಲಿನ ಮಡ್‌ಗಾರ್ಡಿನ ಕೆಳಗೆ ಹೆಬ್ಬೆರಳು ತೂರಿಸಿ ನೋಡಿದೆ. ಸಲೀಸಾಗಿ ಹೋಯಿತು. ಮತ್ತೊಮ್ಮೆ ತೂರಿಸಿದೆ. "ಸಾಕು ಬಿಡಜ್ಜಿ, ಬಾಗಿಲ ಸಂದ್ಯಾಗ ಕೈ ಇಡೋ ಕೂಸಿನಂಗ ಮಾಡ್ತಿ," ಎಂದು ನಗುತ್ತ ಅವಳು ಗೋಗಿಯ ದಾರಿ ಹಿಡಿದಳು. ಅವಳು ಮರೆಯಾದ ಮೇಲೆ ನೆನಪಾಯಿತು: ಚಾಚಾನ ಹೆಬ್ಬೆರಳು ನನ್ನದಕ್ಕಿಂತ ಬಹಳ ದಪ್ಪಗಿತ್ತು.